ಹಳೆಯ ಪಿಕಪ್ಪಿನ ಒಡೆತನ

ಕಳೆದ ಮಳೆಗಾಲದ ಕೊನೆಯಲ್ಲಿ ಬಯಲುಸೀಮೆಯಿಂದ ನಮ್ಮಲ್ಲಿಗೆ ಬಂದಿದ್ದ ಮಿತ್ರರೊಬ್ಬರು, ಕೊಟ್ಟಿಗೆಯ ಮಗ್ಗುಲಲ್ಲಿ ನಿಂತಿದ್ದ ನಮ್ಮ ಹಳೆಯ ಪಿಕಪ್ಪನ್ನು ಒಂದು ಸುತ್ತು ಬಂದು ನೋಡಿ, “ಇದನ್ನು ಇನ್ನೂ ಏತಕ್ಕೆ ಇಟ್ಟುಕೊಂಡಿದ್ದೀರಿ?” ಎಂದು ಕೇಳಿದರು. “ನಮ್ಮದಲ್ಲವೆ!” ಎಂದು ಉತ್ತರ ಕೊಟ್ಟೆನು. ಮಿತ್ರರು ನಕ್ಕು ಸುಮ್ಮನಾದರು. ಆದರೆ ಮಾತು ಬಾಯಿಂದ ಹೊರಟ ಮೇಲೆ ಅದು ಉತ್ತರವೇ ಅಲ್ಲವೆಂದು ನನಗೆ ತೋರಿತು. ಅವರು ಕೇಳಿದ್ದು ಕಾರಣವನ್ನು. ನಾನು ಹೇಳಿದ್ದು ಹಕ್ಕನ್ನು. ಒಂದು ವಸ್ತುವು ನಮ್ಮದು ಎನ್ನುವಾಗ ನಾವು ನಿಜವಾಗಿ ಏನನ್ನು ಹೇಳುತ್ತೇವೆ, ಆ ಮಾತು ನಮಗೆ ಏನನ್ನು ಕೊಡುತ್ತದೆ, ನಮ್ಮಿಂದ ಏನನ್ನು ಕೇಳುತ್ತದೆ ಎಂಬ ವಿಚಾರವು ಅಂದಿನಿಂದ ನನ್ನನ್ನು ಬಿಟ್ಟಿಲ್ಲ.

ಮೊದಲು ಬಂಡಿಯ ಪರಿಚಯ. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯಕ್ಕಾಗಿ ಆರು ಲಕ್ಷಕ್ಕೂ ಮೀರಿ ತಯಾರಾದ ಜೀಪೆಂಬ ಬಂಡಿಯು, ೧೯೪೦ರ ದಶಕದ ಕೊನೆಯಲ್ಲಿ ವಿಲ್ಲೀಸ್ ಸಂಸ್ಥೆಯ ಬಿಡಿಭಾಗಗಳ ರೂಪದಲ್ಲಿ ಮುಂಬಯಿಗೆ ಬಂದು, ಮಹೀಂದ್ರ ಸಂಸ್ಥೆಯವರ ಕೈಯಲ್ಲಿ ಜೋಡಣೆಗೊಂಡು ನಮ್ಮ ದೇಶದ ರಸ್ತೆಗೆ ಇಳಿಯಿತು. ಮಲೆನಾಡಿನ ತೋಟಗಳಲ್ಲಿ ಅದು ಊರಿದಷ್ಟು ಆಳವಾಗಿ ಬೇರೆ ಯಾವ ಯಂತ್ರವೂ ಬೇರೂರಿರಲಾರದು. ನಮ್ಮದು ಅದೇ ವಂಶದ್ದು. ಹಿಂಬದಿಯಲ್ಲಿ ಆಸನಗಳಿಗೆ ಬದಲಾಗಿ ತೆರೆದ ತೊಟ್ಟಿಯುಳ್ಳದ್ದು. ವಯಸ್ಸು ಮೂವತ್ತು ದಾಟಿದೆ. ಸಾಮಾನ್ಯ ಬಂಡಿಯಲ್ಲಿ ಇಂಜಿನಿನ ಬಲವು ಎರಡು ಚಕ್ರಗಳಿಗೆ ಮಾತ್ರ ಹೋಗುವುದು. ಆಗುಂಬೆಯ ಸುತ್ತಿನ ನಮ್ಮ ಸೀಮೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಮಿಕ್ಕು ಮಳೆ ಸುರಿಯುವ ಕಡೆಗಳಿವೆ. ಇಲ್ಲಿಯ ಕೆಸರಿನಲ್ಲಿ ಆ ಎರಡು ಚಕ್ರಗಳು ತಿರುಗಿದಲ್ಲೇ ತಿರುಗಿ ತಮ್ಮ ಗುಂಡಿಯನ್ನು ತಾವೇ ತೋಡಿಕೊಳ್ಳುವುವು. ಈ ಬಂಡಿಯಲ್ಲಿ ಗೇರಿನ ಹಿಡಿಯ ಪಕ್ಕದಲ್ಲಿ ಇನ್ನೊಂದು ಗಿಡ್ಡ ಹಿಡಿಯಿದೆ. ಅದನ್ನು ಹಾಕಿದರೆ ಮುಂದಿನ ಅಚ್ಚಿಗೂ ಬಲವು ಹರಿಯುವುದು. ಕೆಳಗೇರಿಗೆ ತಂದರೆ ವೇಗವು ಕುಗ್ಗಿ ಎಳೆತವು ಹೆಚ್ಚುವುದು. ಒಣ ಡಾಂಬರು ರಸ್ತೆಯಲ್ಲಿ ಮಾತ್ರ ಇದನ್ನು ಹಾಕಿಕೊಂಡು ಹೋಗಬಾರದು. ತಿರುವಿನಲ್ಲಿ ಮುಂದಿನ ಅಚ್ಚೂ ಹಿಂದಿನ ಅಚ್ಚೂ ಸವೆಸುವ ದೂರ ಒಂದೇ ಅಲ್ಲ. ನೆಲವು ಸ್ವಲ್ಪ ಜಾರಿಕೊಡದಿದ್ದರೆ ಆ ವ್ಯತ್ಯಾಸದ ತಿರುಚನ್ನೆಲ್ಲ ಗೇರುಗಳೂ ಟೈರುಗಳೂ ತಾಳಿಕೊಳ್ಳಬೇಕಾಗುವುದು. ಇನ್ನೊಂದು ಸಂಗತಿಯನ್ನು ಈ ಬಂಡಿಗಳ ಮೇಲೆ ಹೆಮ್ಮೆಪಡುವವರು ಮರೆಯುತ್ತಾರೆ. ನಾಲ್ಕು ಚಕ್ರಗಳ ಎಳೆತವು ಹೋಗುವುದಕ್ಕೆ ಸಹಾಯವೇ ಹೊರತು ನಿಲ್ಲುವುದಕ್ಕಲ್ಲ. ನಿಲ್ಲುವ ವಿಷಯದಲ್ಲಿ ಎಲ್ಲ ಬಂಡಿಗಳೂ ಸಮಾನ. ಬ್ರೇಕು ಇದ್ದರೆ ನಿಲ್ಲುವುವು. ಈ ಮಾತಿಗೆ ಮುಂದೆ ಮತ್ತೆ ಬರುವೆನು.

“ನಮ್ಮದು” ಎಂದೆನಷ್ಟೆ, ಯಾವುದು ನಮ್ಮದು? ನಾವು ಕೊಂಡಾಗ ಇದ್ದ ಇಂಜಿನು ಈಗಿಲ್ಲ. ಗೇರುಪೆಟ್ಟಿಗೆ ಎರಡನೆಯದು. ಕಮಾನುಪಟ್ಟಿಗಳಲ್ಲಿ ಒಂದೂ ಹಳೆಯದಲ್ಲ. ತೊಟ್ಟಿಯ ತಗಡು ತುಕ್ಕು ಹಿಡಿದು ಉದುರಿಹೋಗಿ ಎರಡು ಸಲ ಹೊಸದಾಗಿದೆ. ಮಿಲಿಂದ ರಾಜನೊಡನೆ ಭಿಕ್ಷು ನಾಗಸೇನನು ನಡೆಸಿದ ಸಂವಾದವನ್ನು ವಾಚಕರಲ್ಲಿ ಅನೇಕರು ಬಲ್ಲರು: ಮೂಕಿ ರಥವೆ, ಅಚ್ಚು ರಥವೆ, ಗಾಲಿ ರಥವೆ ಎಂದು ಒಂದೊಂದಾಗಿ ಕೇಳುತ್ತಾ ಹೋಗಿ, ರಥವೆಂಬುದು ಇವುಗಳ ಕೂಟಕ್ಕೆ ಇಟ್ಟ ವ್ಯವಹಾರದ ಹೆಸರು ಮಾತ್ರವೆಂದು ಆ ಭಿಕ್ಷುವು ತೋರಿಸಿಕೊಟ್ಟನು. ಗ್ರೀಕರಲ್ಲಿ ಪ್ಲುಟಾರ್ಕನು ಥೀಸಿಯಸನ ಹಡಗಿನ ಕಥೆಯನ್ನು ಹೇಳುತ್ತಾನೆ. ಅಥೆನ್ಸಿನ ಜನರು ಕೊಳೆತ ಹಲಗೆಯನ್ನು ತೆಗೆದು ಹೊಸದನ್ನು ಕೂರಿಸುತ್ತಾ ಅದನ್ನು ಕಾಪಾಡಿದರು, ಅದು ಅದೇ ಹಡಗೋ ಬೇರೆಯೋ ಎಂದು ತತ್ತ್ವಜ್ಞರು ಜಗಳವಾಡಿದರು. ಇಂಗ್ಲೆಂಡಿನ ಹಾಬ್ಸನು ೧೬೫೫ರಲ್ಲಿ ಈ ಜಗಳಕ್ಕೆ ಇನ್ನೊಂದು ಗಂಟನ್ನು ಹಾಕಿದನು: ತೆಗೆದ ಹಳೆಯ ಹಲಗೆಗಳನ್ನೆಲ್ಲ ಒಬ್ಬನು ಕೂಡಿಟ್ಟು ಅದೇ ಕ್ರಮದಲ್ಲಿ ಜೋಡಿಸಿದರೆ ಯಾವುದು ನಿಜವಾದ ಹಡಗು? ಇದು ಬರಿಯ ಬುದ್ಧಿವಿಲಾಸವೆಂದು ನಾನೂ ತಿಳಿದಿದ್ದೆನು. ಆದರೆ ನಮ್ಮ ಬಂಡಿಯಿಂದ ಬಿಚ್ಚಿದ ಗೇರುಪೆಟ್ಟಿಗೆಯು ದುರಸ್ತಿಯಾಗಿ, ಘಟ್ಟದ ಕೆಳಗಿನ ಯಾರದೋ ಜೀಪಿನಲ್ಲಿ ಚೆನ್ನಾಗಿ ಓಡುತ್ತಿದೆಯೆಂಬ ಸುದ್ದಿಯನ್ನು ಕೇಳಿದ ದಿನ ನನಗೆ ಸ್ವಲ್ಪ ಹೊಟ್ಟೆಕಿಚ್ಚಾದದ್ದು ನಿಜ.

ಸರಕಾರಕ್ಕೆ ಈ ಸಂದೇಹವಿಲ್ಲ. ಚಾಸಿಸಿನ ಕಬ್ಬಿಣದಲ್ಲಿ ಕೊರೆದ ಅಂಕಿಯೇ ಬಂಡಿ. ಇಂಜಿನು ಬದಲಾದರೆ ಕಾಗದದಲ್ಲಿ ಬರೆಯಿಸಿಕೊಂಡರಾಯಿತು. ೧೯೮೮ರ ಮೋಟಾರು ವಾಹನಗಳ ಕಾಯಿದೆಯಂತೆ ಖಾಸಗಿ ಬಂಡಿಯ ನೋಂದಣಿಗೆ ಹದಿನೈದು ವರ್ಷಗಳ ಆಯುಸ್ಸು. ಅನಂತರ ಪರೀಕ್ಷೆಯಲ್ಲಿ ತೇರ್ಗಡೆಯಾದರೆ ಐದೈದು ವರ್ಷಗಳ ಪುನರ್ಜನ್ಮ. ಅಂಕಿಯು ಸರಕಾರಕ್ಕೆ ಸಾಕು. ಆದರೆ ರಾತ್ರಿ ಮಳೆಯಲ್ಲಿ ಆ ಅಂಕಿಯನ್ನು ನಂಬಿ ಯಾರೂ ಏರಿ ಕೂರುವುದಿಲ್ಲ.

ಹಾಗಾದರೆ ಅದನ್ನು ಬಲ್ಲವರಾರು? ನಾನಲ್ಲ. ನಮ್ಮ ಪೇಟೆಯಲ್ಲಿ ವೃದ್ಧರಾದ ಮೆಕ್ಯಾನಿಕ್ ಸಾಹೇಬರೊಬ್ಬರಿದ್ದಾರೆ. ಬಂಡಿಯು ಅವರ ಅಂಗಡಿಯ ಏರನ್ನು ಹತ್ತುತ್ತಿರುವಾಗಲೇ, ಬೆಂಚಿನಿಂದ ಏಳದೆ, “ಕ್ರಾಸು ಹೋಗಿದೆ” ಎನ್ನುವರು. ನಾನು ಹಣ ಕೊಟ್ಟಿದ್ದೇನೆ. ಅವರು ಮೂವತ್ತು ವರ್ಷಗಳ ಕಾಲ ಅದರ ಕೆಳಗೆ ಅಂಗಾತ ಮಲಗಿದ್ದಾರೆ. ಮನುಷ್ಯನ ಶ್ರಮವು ವಸ್ತುವಿನಲ್ಲಿ ಬೆರೆತಾಗ ಅದು ಅವನದಾಗುತ್ತದೆಂದು ಜಾನ್ ಲಾಕನು ವಾದಿಸಿದನು. ಆ ನ್ಯಾಯವನ್ನು ಹಿಡಿದರೆ ಈ ಬಂಡಿಯಲ್ಲಿ ಸಾಹೇಬರ ಪಾಲು ನನ್ನದಕ್ಕಿಂತ ದೊಡ್ಡದು. ಅವರಿಗೆ ಇದನ್ನು ಒಮ್ಮೆ ಹೇಳಿದಾಗ, “ಹಾಗಾದ್ರೆ ಇನ್ಶೂರೆನ್ಸೂ ನಾನೇ ಕಟ್ಬೇಕಾ ರಾಯರೇ?” ಎಂದು ಕೇಳಿದರು. ಆ ಹಾಸ್ಯದಲ್ಲಿ ಲಾಕನು ಬಿಟ್ಟ ಒಂದು ಅಂಶವಿದೆ. ಒಡೆಯನೆಂದರೆ ವಸ್ತುವನ್ನು ಬಲ್ಲವನೂ ಅಲ್ಲ, ದುಡಿದವನೂ ಅಲ್ಲ. ಅದರಿಂದ ಕೇಡಾದಾಗ ಯಾರನ್ನು ಕೇಳಬೇಕೋ ಅವನು.

ಈಗ ನಾನು ಹೇಳದೆ ಮುಚ್ಚಿಟ್ಟಿದ್ದ ವಿಷಯಕ್ಕೆ ಬರಬೇಕಾಗಿದೆ. ಎಂಟು ವರ್ಷಗಳ ಹಿಂದಿನ ಆಷಾಢದಲ್ಲಿ ಸಾಹೇಬರು ಬಂಡಿಯ ಎಡಗಡೆಯ ಹಿಂದಿನ ಗಾಲಿಯನ್ನು ಬಿಚ್ಚಿ ತೋರಿಸಿ, “ಸಿಲಿಂಡರು ಸೋರ್ತಾ ಇದೆ ರಾಯರೇ. ಇವತ್ತು ತೊಟ್ಟು, ನಾಳೆ ಕಾಲಿಟ್ರೆ ನೆಲ” ಎಂದರು. ಅಡಕೆಯ ದುಡ್ಡು ಬಂದಿರಲಿಲ್ಲ; ಅದಕ್ಕಿಂತ ಮಿಗಿಲಾಗಿ ನನಗೆ ಸೋಮಾರಿತನ. ಬರುವ ವಾರ ನೋಡೋಣವೆಂದು ಎಣ್ಣೆಯನ್ನು ತುಂಬಿಸಿಕೊಂಡು ಮನೆಗೆ ಬಂದೆನು. ಬರುವ ವಾರವು ಎರಡು ವಾರವಾಯಿತು. ಒಂದು ರಾತ್ರಿ ಕೆಳಮನೆಯ ಗೌಡರು ಕಂಬಳಿಕೊಪ್ಪೆಯಲ್ಲಿ ಬಂದು, “ರಾಯರೇ, ಸೊಸೆಗೆ ನೋವು ಕಾಣಿಸಿಕೊಂಡಿದೆ, ಬಂಡಿ ತೆಗೀಬೇಕು” ಎಂದು ಕೂಗಿದರು. ೨೦೦೮ರಲ್ಲಿ ನಮ್ಮ ರಾಜ್ಯದಲ್ಲಿ ಆರಂಭವಾದ ೧೦೮ರ ಆಂಬ್ಯುಲೆನ್ಸು ಡಾಂಬರು ರಸ್ತೆಯವರೆಗೆ ಬರುತ್ತಿತ್ತು. ಅಲ್ಲಿಂದ ನಮ್ಮ ಕೇರಿಗೆ ಮೂರು ಮೈಲಿ ಜಾರುವ ಕೆಂಪುಮಣ್ಣು. ಹೆಂಗಸನ್ನು ಮುಂದೆ ಕುಳ್ಳಿರಿಸಿಕೊಂಡು ಹೊರಟೆನು. ಇಳಿಜಾರಿನ ಎರಡನೆಯ ತಿರುವಿನಲ್ಲಿ ಬ್ರೇಕನ್ನು ತುಳಿದಾಗ ಸಾಹೇಬರು ಹೇಳಿದ್ದು ಅಕ್ಷರಶಃ ನಿಜವಾಯಿತು. ಕಾಲು ನೆಲವನ್ನು ಮುಟ್ಟಿತು. ಅದೃಷ್ಟವಶಾತ್ ಕೆಸರಿಗೆಂದು ಆ ಗಿಡ್ಡ ಹಿಡಿಯನ್ನು ಮೊದಲೇ ಕೆಳಗೇರಿಗೆ ತಂದಿದ್ದೆನು. ಇಂಜಿನೇ ಬಂಡಿಯನ್ನು ಹಿಡಿದುಕೊಂಡಿತು. ಎರಡು ಸಲ ದರೆಗೆ ಮಗ್ಗುಲನ್ನು ಉಜ್ಜಿಸಿ ವೇಗವನ್ನು ಮುರಿದು, ಹೇಗೋ ರಸ್ತೆಯನ್ನು ಸೇರಿದೆವು. ಆಂಬ್ಯುಲೆನ್ಸು ಕಾದಿತ್ತು. ಬೆಳಗಾಗುವ ಮುಂಚೆ ಹೆಣ್ಣುಮಗು ಹುಟ್ಟಿತು.

ಮೂರನೆಯ ದಿನ ಗೌಡರು ಒಂದು ಗೊನೆ ಬಾಳೆಹಣ್ಣನ್ನೂ ಒಂದು ಡಬ್ಬ ಜೋನಿಬೆಲ್ಲವನ್ನೂ ತಂದು ಜಗಲಿಯಲ್ಲಿಟ್ಟು, “ನೀವಿಲ್ಲದಿದ್ದರೆ ಎರಡು ಜೀವ ಹೋಗುತ್ತಿದ್ದವು” ಎಂದು ಕೈಮುಗಿದರು. ನಾನು ಬೆಲ್ಲವನ್ನು ಒಳಗೆ ತೆಗೆದಿಡಿಸಿದೆನು. ದರೆಗೆ ಉಜ್ಜಿದ್ದು ಕತ್ತಲೆಯ ದೆಸೆಯಿಂದ ಎಂದು ಅವರು ತಿಳಿದಿದ್ದರು, ನಾನು ತಿದ್ದಲಿಲ್ಲ.

ನಾನು ಅಂದು ಉಪಕಾರಿಯೋ ಅಪರಾಧಿಯೋ? ಪರಿಣಾಮವನ್ನು ನೋಡಿದರೆ ಉಪಕಾರಿ. ಆದರೆ ಅದೇ ತಿರುವಿನಲ್ಲಿ ಬಂಡಿಯು ಉರುಳಿದ್ದರೆ, ನನ್ನ ಉದಾಸೀನವು ಇದ್ದಷ್ಟೇ ಇದ್ದು, ಒಂದು ರವೆಯಷ್ಟೂ ಹೆಚ್ಚದೆ, ನಾನು ಎರಡು ಜೀವಗಳ ಹಂತಕನಾಗುತ್ತಿದ್ದೆನು. ೧೯೭೬ರಲ್ಲಿ ಬರ್ನಾರ್ಡ್ ವಿಲಿಯಮ್ಸ್, ಥಾಮಸ್ ನೇಗಲ್ ಎಂಬ ಇಬ್ಬರು ತತ್ತ್ವಜ್ಞರು ಈ ತೊಡಕಿಗೆ ‘ನೈತಿಕ ಅದೃಷ್ಟ’ ಎಂಬ ಹೆಸರಿನಲ್ಲಿ ಚರ್ಚೆಯನ್ನು ಎತ್ತಿದರು. ನೇಗಲರು ಕೊಡುವ ದೃಷ್ಟಾಂತಗಳಲ್ಲಿ ಒಂದು, ಬ್ರೇಕನ್ನು ಪರೀಕ್ಷೆ ಮಾಡಿಸದ ಚಾಲಕನದು: ದಾರಿಗೆ ಮಗು ಅಡ್ಡಬಂದರೆ ಅವನು ಜೀವಮಾನವೆಲ್ಲ ತನ್ನನ್ನು ಹಳಿದುಕೊಳ್ಳುವನು, ಬಾರದಿದ್ದರೆ ಅವನ ತಪ್ಪು ಸಣ್ಣದೊಂದು ಅಲಕ್ಷ್ಯವಾಗಿ ಉಳಿಯುವುದು. ಇದನ್ನು ಓದಿದಾಗ ನನ್ನ ಗುಟ್ಟನ್ನು ಯಾರೋ ಮೊದಲೇ ಅಚ್ಚುಹಾಕಿಸಿದಂತಾಯಿತು.

ಗೀತೆಯ ಫಲತ್ಯಾಗದ ಉಪದೇಶವನ್ನು ನಾವು ಸಾಮಾನ್ಯವಾಗಿ ಸಮಾಧಾನಕ್ಕಾಗಿ ಬಳಸುತ್ತೇವೆ. ಒಳ್ಳೆಯದನ್ನು ಮಾಡಹೋಗಿ ಕೆಟ್ಟದಾದರೆ, ಫಲವು ನಮ್ಮ ಕೈಯಲ್ಲಿಲ್ಲವೆನ್ನುತ್ತೇವೆ. ಆದರೆ ಆ ತಕ್ಕಡಿಗೆ ಎರಡು ತಟ್ಟೆಗಳಿವೆ. ಫಲವು ಕೆಟ್ಟದ್ದಾದಾಗ ನನ್ನ ದೋಷವನ್ನು ಹೆಚ್ಚಿಸಬಾರದೆಂದಾದರೆ, ಫಲವು ಒಳ್ಳೆಯದಾದಾಗ ಅದು ನನ್ನ ದೋಷವನ್ನು ತೊಳೆಯಲೂಬಾರದು. ಕೈತಪ್ಪಿ ಬಂದ ಪುಣ್ಯವನ್ನು ಇಟ್ಟುಕೊಂಡು, ಕೈತಪ್ಪಿ ಬರುವ ಪಾಪವನ್ನು ಮಾತ್ರ ತಳ್ಳುವ ಲೆಕ್ಕವನ್ನು ಶ್ಯಾನುಭೋಗರ ಕಡತದಲ್ಲಿಯೂ ಒಪ್ಪುತ್ತಿರಲಿಲ್ಲ. ಗೌಡರ ಕೂಗಿಗೆ ಎದ್ದು ಹೋದದ್ದು ಒಂದು ಕರ್ಮ; ಸಿಲಿಂಡರನ್ನು ಹಾಕಿಸದೆ ಇದ್ದದ್ದು ಮತ್ತೊಂದು. ಮೊದಲನೆಯದರ ಬೆಲ್ಲವು ಎರಡನೆಯದಕ್ಕೆ ಸಲ್ಲದು.

ಹಳೆಯ ಬಂಡಿಯನ್ನು ಇಡುವುದೇ ತಪ್ಪೆನ್ನುವವರೂ ಉಂಟು. ಅದರ ಹೊಗೆಯನ್ನು ಕುರಿತ ಆಕ್ಷೇಪವು ನ್ಯಾಯವಾದದ್ದೇ. ೨೦೨೧ರಲ್ಲಿ ಕೇಂದ್ರ ಸರಕಾರವು ಪ್ರಕಟಿಸಿದ ಗುಜರಿ ನೀತಿಯಲ್ಲಿ ಯೋಗ್ಯತಾ ಪರೀಕ್ಷೆಗೆ ಪ್ರಾಮುಖ್ಯವಿರುವುದು ಸರಿಯಾದ ಮಾರ್ಗವೆಂದು ನಾನು ತಿಳಿಯುತ್ತೇನೆ. ಹೊಸ ಬಂಡಿಯನ್ನು ತಯಾರಿಸುವುದಕ್ಕೂ ಕಬ್ಬಿಣವನ್ನು ಕಾಯಿಸಬೇಕೆಂಬ ಪ್ರತಿವಾದವು ನಿಜವಾದರೂ, ನನ್ನ ಹಿಂದೆ ಸೈಕಲ್ಲಿನಲ್ಲಿ ಬರುವ ಹುಡುಗನ ಶ್ವಾಸಕೋಶಕ್ಕೆ ಅದು ಸಮಾಧಾನವಾಗದು. ನಾನು ಕಂಡುಕೊಂಡ ಉಪಾಯವೆಂದರೆ ಬಂಡಿಯನ್ನು ಕಡಮೆ ಓಡಿಸುವುದು, ನಾಜಲುಗಳನ್ನು ಕಾಲಕಾಲಕ್ಕೆ ಪರೀಕ್ಷೆಗೆ ಕೊಡುವುದು. ಇದು ಪೂರ್ತಿ ಉತ್ತರವಲ್ಲ.

ಮಾರುವ ಯೋಚನೆಯೂ ಬಂದಿತ್ತು. ಕೂಲಿಯಾಳುಗಳನ್ನು ತೋಟಕ್ಕೆ ಸಾಗಿಸುವವರೊಬ್ಬರು ಬಂದು ಒಳ್ಳೆಯ ಬೆಲೆಯನ್ನು ಕೂಗಿದರು. ಚಾಸಿಸಿನಲ್ಲಿ ಬೆಸುಗೆ ಹಾಕಿದ ಒಂದು ಬಿರುಕಿದೆ. ಬಣ್ಣದ ಕೆಳಗೆ ಕಾಣುವುದಿಲ್ಲ. ಕೊಳ್ಳುವವರು ಕೇಳಲಿಲ್ಲ. ಕೇಳದವನಿಗೆ ಹೇಳಬೇಕೆ ಎಂಬುದು ಪೇಟೆಯ ಧರ್ಮಶಾಸ್ತ್ರದಲ್ಲಿ ಹಳೆಯ ಪ್ರಶ್ನೆ. ಆದರೆ ತೊಟ್ಟಿಯಲ್ಲಿ ನಿಂತು ಹೋಗುವವರು ಕೊಳ್ಳುವವರಲ್ಲ. ಅವರಿಗೆ ಕೇಳುವ ಅವಕಾಶವೇ ಇಲ್ಲ. ಬಿರುಕನ್ನು ತೋರಿಸಿದೆನು. ಬೆಲೆಯು ಅರ್ಧಕ್ಕಿಳಿಯಿತು, ಆಮೇಲೆ ಅವರೂ ಬರಲಿಲ್ಲ. ಆ ಸಂಜೆ ನನಗೆ ಇನ್ನೊಂದು ತೋರಿತು: ಗುರುತಿಲ್ಲದ ಕೂಲಿಯವರಿಗೆ ಸಲ್ಲಿಸಿದ ಸತ್ಯವನ್ನು ಎಂಟು ವರ್ಷಗಳಿಂದ ನೆರೆಮನೆಯವರಿಗೆ ಸಲ್ಲಿಸಿಲ್ಲ.

ಈ ದೀಪಾವಳಿಗೆ ಮುಂಚೆ ಗೌಡರು, ಮೊಮ್ಮಗಳನ್ನೂ ಮನೆಯವರನ್ನೂ ಶೃಂಗೇರಿಗೆ ಕರೆದುಕೊಂಡು ಹೋಗಲು ಬಂಡಿಯನ್ನು ಕೇಳಲು ಬಂದರು. ಜಗಲಿಯಲ್ಲಿ ಕುಳ್ಳಿರಿಸಿ, ಅಂದಿನ ರಾತ್ರಿಯ ವಿಷಯವನ್ನು ಸಾಹೇಬರ ಎಚ್ಚರಿಕೆಯಿಂದ ಮೊದಲುಮಾಡಿ ಎಲ್ಲವನ್ನೂ ಹೇಳಿದೆನು. ಅವರು ಎಲೆಯಡಕೆಯ ತಟ್ಟೆಯನ್ನು ಮುಟ್ಟದೆ ಬಹಳ ಹೊತ್ತು ಅಂಗಳವನ್ನು ನೋಡುತ್ತಾ ಕುಳಿತರು. ಕೊನೆಗೆ, “ಈಗ ಸರಿಯಿದೆಯೇ?” ಎಂದರು. ಸರಿಯಿದೆಯೆಂದೆನು. ಅವರು ಎದ್ದು ಕೊಟ್ಟಿಗೆಯ ಬಳಿಗೆ ಹೋಗಿ, ಬಂಡಿಯ ಬಾಗಿಲನ್ನು ತೆರೆದು, ಚಾಲಕನ ಸ್ಥಾನದಲ್ಲಿ ಕುಳಿತು, ತಮ್ಮ ಕಾಲಿನಿಂದಲೇ ಬ್ರೇಕನ್ನು ಮೂರು ಸಲ ಒತ್ತಿ ನೋಡಿದರು.