ಗ್ರಹಣದ ಲೆಕ್ಕವೂ ವಿಶ್ವದ ನಿಯಮವೂ

ಕಂಡುದರ ಬಲದಿಂದ ಕಾಣದುದನ್ನು ಅರಿಯುವ ಶಕ್ತಿಯು ಮಾನವನಿಗೆ ಭಗವಂತನಿತ್ತ ವರವಾಗಿದೆ. ಪ್ರಕೃತಿವಿಜ್ಞಾನದ ಮಹಾಸೌಧವು ಈ ಶಕ್ತಿಯಿಂದಲೇ ಎದ್ದು ನಿಂತಿದೆ. ಆದರೆ ಆ ಸೌಧದ ಅಡಿಗಲ್ಲು ಯಾವುದು?

2019ನೆಯ ಇಸವಿ ಡಿಸೆಂಬರ್ 26ರಂದು ಕಂಕಣ ಸೂರ್ಯಗ್ರಹಣವು ಸಂಭವಿಸಿತು. ಉದಕಮಂಡಲ, ಕೊಯಮತ್ತೂರುಗಳು ಕಂಕಣಪಥದೊಳಗಿದ್ದವು. ತಾಳಮಲೆಯ ಮೇಲಣ ಆಕಾಶದಲ್ಲಿಯೂ ಸೂರ್ಯಬಿಂಬದ ಬಹುಭಾಗವು ಮರೆಯಾಯಿತು. ಬೆಳಿಗ್ಗೆ 8 ಗಂಟೆಯ ಸುಮಾರಿಗೆ ತೊಡಗಿ 11 ಗಂಟೆಯ ಬಳಿಕ ಬಿಡುವುದೆಂಬುದು ಮೊದಲೇ ತಿಳಿದಿದ್ದಿತು. ಗ್ರಹಣಕಾಲಕ್ಕೆ ಗುಡಿಯ ಬಾಗಿಲು ಮುಚ್ಚುವ ಅರ್ಚಕರೂ, ದೂರದರ್ಶಕವನ್ನು ಅಣಿಗೊಳಿಸುವ ವಿಜ್ಞಾನಿಯೂ ನಂಬುವುದು ಗಣಿತವನ್ನೇ. ಸೂರ್ಯನನ್ನು ಚಂದ್ರನು ಮರೆಮಾಡುವನೆಂದು ಕ್ರಿ.ಶ. 499ರ ಸುಮಾರಿನ ಆರ್ಯಭಟೀಯವೇ ಸಾರಿದೆ. ಚಂದ್ರನ ಮಾರ್ಗವು ಸೂರ್ಯನ ಮಾರ್ಗವನ್ನು ಛೇದಿಸುವ ಎರಡು ಬಿಂದುಗಳಿಗೆ ಗಣಿತಜ್ಞರು ರಾಹು, ಕೇತುಗಳೆಂಬ ಹೆಸರನ್ನಿತ್ತಿದ್ದಾರೆ.

ಆದರೆ ನಿನ್ನೆಯವರೆಗೆ ನಡೆದುದು ನಾಳೆಯೂ ಹಾಗೆಯೇ ನಡೆಯುವುದೆಂಬುದಕ್ಕೆ ಪ್ರಮಾಣವೇನು? ಹೊಗೆಯಿದ್ದಲ್ಲೆಲ್ಲ ಬೆಂಕಿಯಿರುವುದೆಂಬ ವ್ಯಾಪ್ತಿಯನ್ನು ಸರ್ವದೇಶಗಳಲ್ಲಿ, ಸರ್ವಕಾಲಗಳಲ್ಲಿ ಕಂಡವರಾರೆಂದು ಚಾರ್ವಾಕರು ಕೇಳಿದರು. ನಾಳೆ ಸೂರ್ಯನು ಉದಯಿಸುವನೆಂಬುದು ಕೇವಲ ತರ್ಕದಿಂದ ಸಿದ್ಧವಾಗದೆಂದು 1748ರಲ್ಲಿ ಡೇವಿಡ್ ಹ್ಯೂಮನೂ ಹೇಳಿದನು. ನ್ಯಾಯಕುಸುಮಾಂಜಲಿಯಲ್ಲಿ ಉದಯನಾಚಾರ್ಯರು ಕೊಟ್ಟ ಉತ್ತರವು ಮನನೀಯವಾದುದು: ಸಂದೇಹಕ್ಕೂ ಮೇರೆಯುಂಟು, ತನ್ನ ನಡತೆಗೇ ವಿರುದ್ಧವಾದ ಸಂದೇಹವು ನಿಲ್ಲಲಾರದು. ಹಸಿವು ಹಿಂಗಲೆಂದು ಉಣ್ಣುವವನು ಅನ್ನದ ಗುಣವನ್ನು ಶಂಕಿಸುವೆನೆಂದರೆ ಅದು ಬರಿಯ ಬಾಯಿಮಾತು.

ಹಾಗಾದರೆ ವಿಜ್ಞಾನದ ಬುಡದಲ್ಲಿಯೂ ಒಂದು ವಿಶ್ವಾಸವಿದೆ. ಅಷ್ಟರಿಂದ ಎಲ್ಲ ನಂಬಿಕೆಗಳೂ ಸಮವಾಗುವುವೇ? ಎಂದಿಗೂ ಇಲ್ಲ. ಜೀರ್ಣೋದ್ಧಾರದಲ್ಲಿ ಶಿಲ್ಪಿಯು ತಾನೇ ಕಟ್ಟಿದ ಗೋಡೆಗೂ ತೂಗುಗುಂಡು ಹಿಡಿದು ನೋಡುತ್ತಾನೆ; ಓರೆಯಾಗಿದ್ದರೆ ಕಲ್ಲನ್ನು ತೆಗೆಯುತ್ತಾನೆ. ವಿಜ್ಞಾನಿಯೂ ಅಂತೆಯೇ. ಹೇಳಿದ ಗಳಿಗೆಗೆ ಗ್ರಹಣವು ಹಿಡಿಯದಿದ್ದರೆ ಲೆಕ್ಕ ತಪ್ಪೆಂದು ಒಪ್ಪಲೇಬೇಕು. ಬರಿಗಣ್ಣಿನಿಂದ ಸೂರ್ಯನನ್ನು ನೋಡಿದರೆ ಕಣ್ಣಿಗೆ ಹಾನಿಯೆಂಬ ಮಾತು ಈ ಪರೀಕ್ಷೆಯಲ್ಲಿ ಗೆದ್ದಿದೆ. ಗ್ರಹಣದ ನೆರಳಿನಿಂದ ಗರ್ಭಸ್ಥ ಶಿಶುವಿಗೆ ಊನವೆಂಬ ಮಾತು ಗೆದ್ದಿಲ್ಲ. ಆ ಭಯದಿಂದ ಬಸುರಿ ಹೆಂಗಸಿಗೆ ಗಂಟೆಗಟ್ಟಲೆ ಅನ್ನನೀರು ತಪ್ಪಿಸುವುದು ಆಚಾರವೆನಿಸಬಹುದು, ಧರ್ಮವೆನಿಸಲಾರದು; ದಯೆಯಿಲ್ಲದೆಡೆ ಧರ್ಮಕ್ಕೆ ನೆಲೆಯಿಲ್ಲ.

ಪರೀಕ್ಷೆಗೆ ಅಂಜುವುದು ಭಕ್ತಿಯ ಲಕ್ಷಣವಲ್ಲ. ಎಲ್ಲವನ್ನೂ ಅಳೆದೆನೆಂಬ ಗರ್ವವು ವಿಜ್ಞಾನದ ಲಕ್ಷಣವೂ ಅಲ್ಲ. ವಿಶ್ವದಲ್ಲಿ ಇಂತಹ ನಿಯಮವಿರುವುದಾದರೂ ಏಕೆಂಬ ಪ್ರಶ್ನೆಯು ಎಲ್ಲ ಲೆಕ್ಕಗಳು ಮುಗಿದ ಮೇಲೆಯೂ ಉಳಿಯುತ್ತದೆ. ಪೂರ್ವಿಕರು ಆ ನಿಯಮವನ್ನು ಋತವೆಂದು ಕರೆದು ಕೈಮುಗಿದರು. ವಿಜ್ಞಾನಿಯು ಅದನ್ನು ನೆಚ್ಚಿ ಎಣಿಸುತ್ತಾನೆ. ಭಕ್ತನು ಅದನ್ನು ನೆನೆದು ನಮಿಸುತ್ತಾನೆ. ನೂತನವಾದ ಈ ಸನ್ನಿಧಿಯಲ್ಲಿ ಎಣಿಸುವ ಬುದ್ಧಿಯೂ ನಮಿಸುವ ಹೃದಯವೂ ಒಂದಾಗಿ ಬೆಳಗಲಿ.