ಕೇಳದೇ ಉಳಿದ ಮಾತು

ರಾಜಾಜಿನಗರದ ಹಳೆಯ ಮನೆಯಲ್ಲಿ ದೊಡ್ಡಮ್ಮನ ವೈಕುಂಠ ಸಮಾರಾಧನೆ ನಡೆದ ದಿನ ಬಂದವರೆಲ್ಲ ಆಡಿದ್ದು ಒಂದೇ ಮಾತು: "ತ್ಯಾಗಮಯಿ ಕಣ್ರೀ, ತನಗೆ ಅಂತ ಒಂದು ದಿನವೂ ಏನನ್ನೂ ಕೇಳಲಿಲ್ಲ." ಅವಳ ಹಿರಿಯ ಮಗ, ನನ್ನ ಅಣ್ಣ, ಅದನ್ನೇ ಹೇಳಿ ಕಣ್ಣೊರೆಸಿಕೊಂಡ. ಹೂಂಗುಟ್ಟಲಾರದೆ ನಾನು ಅಡುಗೆಮನೆಗೆ ಎದ್ದು ಹೋದೆ.

ಮದುವೆಯಾದಾಗ ದೊಡ್ಡಮ್ಮನಿಗೆ ಹದಿನೆಂಟು. ದೊಡ್ಡಪ್ಪ ಮದ್ರಾಸ್ ಸ್ಯಾಪರ್ಸ್‌ನಲ್ಲಿದ್ದರು. 1780ರಲ್ಲಿ ಹುಟ್ಟಿದ ಆ ಪಡೆಯ ಕೆಲಸ ಸೇತುವೆ ಕಟ್ಟುವುದು, ನೆಲಬಾಂಬು ತೆಗೆಯುವುದು. ಪಡೆಯ ಕೇಂದ್ರ ನಮ್ಮ ಹಲಸೂರು ಕೆರೆಯ ಬಳಿಯೇ ಇದ್ದರೂ ದೊಡ್ಡಪ್ಪ ಬಹುಪಾಲು ಇದ್ದದ್ದು ಗಡಿಯಲ್ಲಿ. ಪತ್ರದ ಮೇಲೆ ಊರಿನ ಹೆಸರಿರುತ್ತಿರಲಿಲ್ಲ, '56 ಎ.ಪಿ.ಓ.' ಎಂದಷ್ಟೇ. ಗಂಡ ಹಿಮದಲ್ಲಿದ್ದಾನೋ ಮರಳುಗಾಡಿನಲ್ಲಿದ್ದಾನೋ ತಿಳಿಯದೆ ಅವಳು ಸಂಸಾರ ನಡೆಸಿದಳು. 1971ರ ಡಿಸೆಂಬರ್ 3ರಿಂದ 16ರವರೆಗೆ ಯುದ್ಧ ನಡೆದಾಗ, ರೇಡಿಯೋ ಮುಂದೆ ಕುಳಿತ ಅತ್ತೆ ಮಾವನಿಗೆ ಧೈರ್ಯ ಹೇಳಿದವಳೂ ಅವಳೇ. ಮೈದುನರ ಓದು, ನಾದಿನಿಯ ಮದುವೆ, ಸಿ.ಐ.ಟಿ.ಬಿ. ಸೈಟಿನ ಕಂತು, ಎಲ್ಲವೂ ಆ ಮನಿಯಾರ್ಡರಿನಲ್ಲೇ ಆಗಬೇಕಿತ್ತು. ಮುಂದೆ ನಾನು ಬಿ.ಇಡಿ. ಓದಿದ್ದೂ ಅವಳ ಮನೆಯ ಅನ್ನ ಉಂಡೇ. ದೊಡ್ಡಪ್ಪ ನಿವೃತ್ತರಾಗಿ ಬಂದ ಮೇಲೂ ಬೀರುವಿನ ಬೀಗದಕೈ ಅವಳ ಸೊಂಟ ಬಿಟ್ಟು ಇಳಿಯಲಿಲ್ಲ.

ಕೊಡಗಿನ ಜನರಲ್ ತಿಮ್ಮಯ್ಯನವರ ಪತ್ನಿ ನೀನಾ ಅವರಿಗೆ 1935ರ ಕ್ವೆಟ್ಟಾ ಭೂಕಂಪದಲ್ಲಿ ಮಾಡಿದ ಸೇವೆಗಾಗಿ ಕೈಸರ್-ಇ-ಹಿಂದ್ ಪದಕ ಬಂದಿತ್ತು. ಅದು ನಾಲ್ಕು ಜನರ ಕಣ್ಣಿಗೆ ಕಂಡ ಸೇವೆ. ಕಾಯುವ ಕೆಲಸಕ್ಕೆ ಪದಕವಿಲ್ಲ. 2019ರಲ್ಲಿ ದೆಹಲಿಯಲ್ಲಿ ಉದ್ಘಾಟನೆಯಾದ ರಾಷ್ಟ್ರೀಯ ಸಮರ ಸ್ಮಾರಕದ ಗೋಡೆಗಳಲ್ಲಿ 25 ಸಾವಿರಕ್ಕೂ ಹೆಚ್ಚು ಯೋಧರ ಹೆಸರುಗಳಿವೆ. ಅವರ ಮನೆಗಳನ್ನು ನಿಲ್ಲಿಸಿದ ಹೆಂಗಸರಿಗೆ ಗೋಡೆ ಎಲ್ಲಿಂದ ತರುವುದು? ಆದ್ದರಿಂದ 'ತ್ಯಾಗ' ಎಂಬ ಒಂದು ಪದ ಕೊಟ್ಟು ನಾವು ಸಾಲ ತೀರಿಸಿಬಿಡುತ್ತೇವೆ. ದೊಡ್ಡಮ್ಮನಿಗೆ ಆ ಪದ ಹಿಡಿಸುತ್ತಿರಲಿಲ್ಲ. "ತ್ಯಾಗ ಅಂದ್ರೆ ನಾವಾಗಿ ಕೊಡೋದು ಕಣೇ. ನನ್ನನ್ನ ಯಾರು ಕೇಳಿದ್ರು?" ಎನ್ನುತ್ತಿದ್ದಳು.

ಕೊನೆಯ ವರ್ಷಗಳಲ್ಲಿ ಒಂದು ಮಧ್ಯಾಹ್ನ ಅವರೆಕಾಯಿ ಸುಲಿಯುತ್ತ ಇನ್ನೊಂದು ಮಾತು ಹೇಳಿದಳು. 1986ರಲ್ಲಿ ಅಣ್ಣ ಇಂಜಿನಿಯರಿಂಗ್ ಮುಗಿಸಿ, ಅಪ್ಪನ ಹಾಗೆ ಸೇನೆ ಸೇರಬೇಕೆಂದು ಅರ್ಜಿ ಹಾಕಿದ್ದ. ಸಂದರ್ಶನದ ಕರೆ ಬಂದಾಗ ಅವನು ಮನೆಯಲ್ಲಿರಲಿಲ್ಲ. ದೊಡ್ಡಮ್ಮ ಆ ಲಕೋಟೆಯನ್ನು ಅಕ್ಕಿ ಡಬ್ಬದೊಳಗೆ ಹುಗಿದಿಟ್ಟಳು. ದಿನ ಕಳೆದ ಮೇಲೆ ಒಲೆಗೆ ಹಾಕಿದಳು. "ಇಪ್ಪತ್ತೆರಡು ವರ್ಷ ಗಂಡನಿಗೆ ಕಾದೆ. ಮಗನಿಗೂ ಕಾಯೋ ಶಕ್ತಿ ಇರ್ಲಿಲ್ಲ." ಮರುವರ್ಷವೇ ನಮ್ಮ ಸೇನೆ ಶ್ರೀಲಂಕಾಕ್ಕೆ ಹೋಯಿತು, ಅಲ್ಲಿ ಸಾವಿರಕ್ಕೂ ಹೆಚ್ಚು ಯೋಧರು ಸತ್ತರು. ಒಂದೊಂದು ಸುದ್ದಿಗೂ ತಾನು ಮಾಡಿದ್ದು ಸರಿ ಎಂದುಕೊಂಡಳಂತೆ. ಆದರೆ ಅಣ್ಣ ಕಾರ್ಖಾನೆಯ ಕೆಲಸಕ್ಕೆ ಸೇರಿ, "ನಮ್ಮಪ್ಪನ ಯೋಗ್ಯತೆ ನನಗೆಲ್ಲಿ? ಸಂದರ್ಶನಕ್ಕೂ ಕರೆಯಲಿಲ್ಲ" ಎಂದು ನಗುತ್ತ ಹೇಳುವಾಗಲೆಲ್ಲ ಅವಳು ಆ ಜಾಗ ಬಿಟ್ಟು ಎದ್ದು ಹೋಗುತ್ತಿದ್ದುದು ನನಗೆ ನೆನಪಿದೆ. ಕಾರಣ ತಿಳಿದದ್ದು ಆ ಮಧ್ಯಾಹ್ನ.

ನೋವುಂಡವರಿಗೆ ಇನ್ನೊಬ್ಬರ ದಾರಿ ತೀರ್ಮಾನಿಸುವ ಹಕ್ಕು ಬರುತ್ತದೆಯೇ? ತಾಯಿಯಾದ ನನಗೆ ಅವಳ ಭಯ ಅರ್ಥವಾಗುತ್ತದೆ. ಟೀಚರಾದ ನನಗೆ, ತನಗೆ ಯೋಗ್ಯತೆಯಿಲ್ಲವೆಂದು ನಂಬಿಯೇ ಬೆಳೆದು ಹೋಗುವ ಮಕ್ಕಳೂ ಗೊತ್ತು. ಅವಳ ಬದುಕನ್ನು ಯಾರೂ ಕೇಳದೆ ಪಡೆದುಕೊಂಡರು. ಅವಳೂ ಕೇಳದೆಯೇ ಮಗನ ಬದುಕಿಗೆ ಕೈ ಹಾಕಿದಳು. ಮನೆಯಲ್ಲಿ ಅವಳಿಗೆ ಸಿಕ್ಕ ಅಧಿಕಾರ ಅವಳ ಕೈಯಲ್ಲಿ ಬೇರೆಯ ರೀತಿ ನಡೆಯಲಿಲ್ಲ. ಹೀಗೆ ಹೇಳಿದರೆ ಅವಳ ಗೌರವ ಕುಗ್ಗುವುದಿಲ್ಲ. ತ್ಯಾಗಮಯಿ ಎಂದು ಪಟ ಕಟ್ಟಿ ಗೋಡೆಗೆ ಏರಿಸಿದರೆ ಅವಳ ಬಳಲಿಕೆಯೂ ಕಾಣದು, ತಪ್ಪೂ ಕಾಣದು.

ಇದನ್ನು ಬರೆಯುವ ಮುಂಚೆ ವಿಜಯನಗರದಲ್ಲಿರುವ ಅಣ್ಣನ ಮನೆಗೆ ಹೋಗಿ ಎಲ್ಲವನ್ನೂ ಹೇಳಿದೆ. ಬರೆಯಲಿ ಎಂದೂ ಅವನ ಬಾಯಿಂದಲೇ ಕೇಳಿಕೊಂಡೆ. ಅದಕ್ಕೂ ಮೊದಲು ಅವನು ಬಹಳ ಹೊತ್ತು ಸುಮ್ಮನಿದ್ದ. ಅತ್ತಿಗೆ ತಂದಿಟ್ಟ ಕಾಫಿ ಆರಿಹೋಯಿತು. ಕೊನೆಗೆ ಹೇಳಿದ: "ಹಾಗಾದ್ರೆ ನನಗೂ ಕರೆ ಬಂದಿತ್ತು." ಸ್ವಲ್ಪ ತಡೆದು, "ಹೋಗಬೇಡ ಕಣೋ ಅಂತ ಅಮ್ಮ ಒಂದು ಮಾತು ಕೇಳಿದ್ದಿದ್ರೆ, ನಾನೇ ಬಿಡ್ತಿದ್ದೆನಲ್ಲ" ಎಂದ.

ಕೇಳುವುದು ಅವಳಿಗೆ ಗೊತ್ತಿರಲಿಲ್ಲ. ನಾವೂ ಕಲಿಸಲಿಲ್ಲ, ಏನನ್ನೂ ಕೇಳದವಳು ಎಂದು ಹೊಗಳುತ್ತಲೇ ಬಂದೆವು.