ಟೈಟಾನಿಕ್ ಮತ್ತು ದೈವದ ಮೇಲಿನ ಆರೋಪ

1912ರ ಏಪ್ರಿಲ್ 14ರ ರಾತ್ರಿ 11.40ಕ್ಕೆ ಹಿಮಬಂಡೆಗೆ ತಾಗಿದ ಟೈಟಾನಿಕ್, ಮೂರು ಗಂಟೆಯೊಳಗೆ ಸುಮಾರು 1,500 ಜನರೊಂದಿಗೆ ಅಟ್ಲಾಂಟಿಕ್ ಸಾಗರದ ಪಾಲಾಯಿತು. ಮನುಷ್ಯನ ಅಹಂಕಾರಕ್ಕೆ ದೇವರು ಕೊಟ್ಟ ಶಿಕ್ಷೆ ಇದೆಂದು ಆಗಲೇ ಹಲವು ಚರ್ಚುಗಳಲ್ಲಿ ಬೋಧಿಸಿದರು. ಈ ಮಾತು ದೇವರಿಗೂ ಸತ್ತವರಿಗೂ ಮಾಡುವ ಅನ್ಯಾಯ. ಹಡಗಿನ ಕಂಪನಿಯ ಮುಖ್ಯಸ್ಥ ಬ್ರೂಸ್ ಇಸ್ಮೆ ದೋಣಿ ಹತ್ತಿ ಬದುಕಿಕೊಂಡರು. ಮೂರನೇ ದರ್ಜೆಯ ಮಕ್ಕಳಲ್ಲಿ ಹೆಚ್ಚಿನವರು ಸತ್ತರು. ಹೊಟ್ಟೆಪಾಡಿಗಾಗಿ ಅಮೆರಿಕಕ್ಕೆ ಹೊರಟವರ ಕೂಸುಗಳಿಗೆ ಯಾವ ಅಹಂಕಾರ? ಹೀಗೆ ಗುರಿ ತಪ್ಪಿ ಬೀಳುವ ಏಟನ್ನು ದೈವನ್ಯಾಯ ಎನ್ನುವುದು ಹೇಗೆ? ಕಾರಣಗಳು ವಿಚಾರಣೆಯ ದಾಖಲೆಗಳಲ್ಲೇ ಇವೆ. ಹಿಮದ ಎಚ್ಚರಿಕೆಗಳು ನಿಸ್ತಂತುವಿನಲ್ಲಿ ಬರುತ್ತಲೇ ಇದ್ದರೂ ಹಡಗು ಸುಮಾರು 22 ನಾಟ್ ವೇಗದಲ್ಲೇ ಓಡಿತು. ಹಡಗಿನಲ್ಲಿದ್ದವರು ಸುಮಾರು 2,200. 20 ದೋಣಿಗಳಲ್ಲಿ ಜಾಗವಿದ್ದದ್ದು 1,178 ಮಂದಿಗೆ. ಬ್ರಿಟನ್ನಿನ ಹಳೆಯ ನಿಯಮ ಅಷ್ಟನ್ನೂ ಕೇಳಿರಲಿಲ್ಲ. ಇದ್ದ ಜಾಗವೂ ತುಂಬಲಿಲ್ಲ: 40 ಜನ ಹಿಡಿಸುವ ಒಂದನೇ ದೋಣಿ ಕೆಳಗಿಳಿದದ್ದು 12 ಜನರೊಂದಿಗೆ.

ಚಂದ್ರನಿಲ್ಲದ ಇರುಳು, ಅಲೆಯೇ ಇಲ್ಲದ ಕಡಲು, ಇವೆಲ್ಲ ಒಟ್ಟಿಗೆ ಕೂಡಿಬಂದದ್ದು ವಿಧಿಯಲ್ಲವೇ ಎಂದು ಕೇಳಬಹುದು. ಒಪ್ಪೋಣ, ಆ ಇರುಳನ್ನು ಯಾರೂ ಆರಿಸಿಕೊಂಡಿರಲಿಲ್ಲ. ಆ ಕತ್ತಲಲ್ಲಿ ಅದೇ ವೇಗದಲ್ಲಿ ಸಾಗುವುದನ್ನು ಮಾತ್ರ ಆರಿಸಿಕೊಂಡಿದ್ದರು. ಕ್ಯಾಪ್ಟನ್ ಸ್ಮಿತ್ ಅಂದಿನ ವಾಡಿಕೆಯಂತೆಯೇ ನಡೆದರು ಎಂದು ಬ್ರಿಟಿಷ್ ವಿಚಾರಣೆ ಹೇಳಿತು. ನಿಜವೇ, ಅದರಿಂದ ಒಬ್ಬರ ತಪ್ಪು ಹಗುರಾಗುತ್ತದೆ, ಆ ವಾಡಿಕೆಯನ್ನು ಬೆಳೆಸಿದವರೆಲ್ಲರ ಹೊಣೆ ಹೆಚ್ಚುತ್ತದೆ. ಹಣೆಬರಹವೇ ಆಗಿದ್ದರೆ ತಿದ್ದಲು ಏನೂ ಉಳಿಯುತ್ತಿರಲಿಲ್ಲ. ತಿದ್ದಿದರು: 1914ರ ಲಂಡನ್ ಒಪ್ಪಂದ ಹಡಗಿನಲ್ಲಿದ್ದ ಪ್ರತಿಯೊಬ್ಬರಿಗೂ ದೋಣಿಯಲ್ಲಿ ಜಾಗ ಕೇಳಿತು, ಉತ್ತರ ಅಟ್ಲಾಂಟಿಕ್‌ನಲ್ಲಿ ಹಿಮಬಂಡೆಗಳ ಮೇಲೆ ಕಣ್ಣಿಡಲು ಗಸ್ತು ಗೊತ್ತುಮಾಡಿತು.